ಭೂಮಿಗೆ ಎರಡು ವಯಸ್ಸಿದ್ದ ಮನೆ

ನಮ್ಮ ಮನೆಯಲ್ಲಿ ಭೂಮಿಗೆ ಎರಡು ವಯಸ್ಸಿದ್ದವು. ದೇವರ ಮೂಲೆಯಲ್ಲಿ ನೂರಾ ತೊಂಬತ್ತೇಳು ಕೋಟಿ ವರ್ಷ, ಪಡಸಾಲೆಯಲ್ಲಿ ನಾನೂರಾ ಐವತ್ತು ಕೋಟಿಯ ಮೇಲೆ ಚಿಲ್ಲರೆ. ಮೊದಲನೆಯದು ಅಜ್ಜನ ಲೆಕ್ಕ, ಎರಡನೆಯದು ಅಪ್ಪನ ಲೆಕ್ಕ. ಅಜ್ಜ ಮಲಪ್ರಭೆಯ ದಂಡೆಯ ಊರೊಂದರಲ್ಲಿ ಸಂಸ್ಕೃತ ಮತ್ತು ಗಣಿತ ಎರಡನ್ನೂ ಕಲಿಸಿ ನಿವೃತ್ತನಾದ ಮಾಸ್ತರ. ಅಪ್ಪ ಯಲಹಂಕದ ಕಡೆಯ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುತ್ತಿದ್ದ, ರಜೆಯಲ್ಲಿ ಕಲ್ಲು ಹುಡುಕಿಕೊಂಡು ಊರೂರು ಅಲೆಯುತ್ತಿದ್ದ. ಇಬ್ಬರಿಗೂ ಕೋಟಿಗಳೆಂದರೆ ಕಡಲೆಪುರಿ. ಅಡುಗೆಮನೆಯಲ್ಲಿ ಮಾತ್ರ ಭೂಮಿಗೆ ವಯಸ್ಸೇ ಇರಲಿಲ್ಲ, ಯಾಕೆಂದರೆ ಅಲ್ಲಿ ಅವ್ವನ ಕಾನೂನು ನಡೆಯುತ್ತಿತ್ತು. ತಾಟು ಹಾಕಿದ ಮೇಲೆ ಯಾರೂ ಭೂಮಿಯ ಮಾತೆತ್ತುವಂತಿಲ್ಲ. ಅಪ್ಪ ಬಾಯಿ ತೆರೆದರೆ ಅವನ ತಾಟಿಗೆ ಇನ್ನೊಂದು ಭಕ್ರಿ ಬೀಳುತ್ತಿತ್ತು, ಅಜ್ಜ ಬಾಯಿ ತೆರೆದರೆ ಅವನ ತಾಟಿಗೆ ತುಪ್ಪ ಬೀಳುತ್ತಿತ್ತು. ಬಾಯಿ ಮುಚ್ಚಿಸಲು ಅವಳಿಗೆ ಗೊತ್ತಿದ್ದ ಉಪಾಯ ಅದೊಂದೇ, ಮತ್ತು ಅದು ಎಂದೂ ಸೋತದ್ದಿಲ್ಲ.

ಮನೆ ಇದ್ದದ್ದು ಅಮೃತಹಳ್ಳಿಯ ಹಳೇ ಊರಿನ ಅಂಚಿನಲ್ಲಿ, ರತ್ನಮ್ಮ ಎಂಬವರ ಮಹಡಿಯ ಮೇಲೆ. ಅವರದು ತಲೆಮಾರುಗಳಿಂದ ಅಲ್ಲೇ ರಾಗಿ ಬೆಳೆಯುತ್ತಿದ್ದ ಒಕ್ಕಲು ಮನೆತನ. ಹೊಲಗಳೆಲ್ಲ ಸೈಟುಗಳಾಗಿ, ಸೈಟುಗಳ ಮೇಲೆ ಮನೆಗಳೆದ್ದು, ನಾವು ಹೋಗುವ ಹೊತ್ತಿಗೆ ಅವರು ಬಾಡಿಗೆ ವಸೂಲಿ ಮಾಡುವ ಮಾಲೀಕರಾಗಿದ್ದರು. ಆದರೂ ರತ್ನಮ್ಮ ಹಿತ್ತಿಲಲ್ಲಿ ಎರಡು ಹಸು ಕಟ್ಟುವುದನ್ನು ಬಿಟ್ಟಿರಲಿಲ್ಲ. ನಮ್ಮ ಪಾಲಿಗೆ ಬಂದದ್ದು ಒಂದು ಪಡಸಾಲೆ, ಒಂದು ಕೋಣೆ, ಅಡುಗೆಮನೆ, ಅದರ ಮೂಲೆಯಲ್ಲಿ ಪರದೆ ಎಳೆದು ಮಾಡಿದ ದೇವರ ಜಾಗ. ಪಡಸಾಲೆಯ ಕಿಟಕಿಗಳ ತುಂಬ ಅಪ್ಪನ ಕಲ್ಲುಗಳು, ದೇವರ ಪೆಟ್ಟಿಗೆಯ ತುಂಬ ಅಜ್ಜನ ಸಾಲಿಗ್ರಾಮಗಳು. ಮನೆಗೆ ಬಂದವರಿಗೆ ಕೂರಲು ಜಾಗ ಮಾಡಬೇಕಾದರೆ ಮೊದಲು ಯಾವುದಾದರೊಂದು ಕಲ್ಲನ್ನು ಎತ್ತಿಡಬೇಕಾಗುತ್ತಿತ್ತು. ಮನೆಯ ಪಕ್ಕದ ಖಾಲಿ ಜಾಗದಲ್ಲಿ ನೆಲದಿಂದ ಮೇಲೆದ್ದ ದೊಡ್ಡ ಬಂಡೆಯಿತ್ತು, ಆನೆ ಮಲಗಿದ ಹಾಗೆ. ಅವ್ವ ಅದರ ಮೇಲೆ ಹಳೇ ಸೀರೆ ಹಾಸಿ ಸಂಡಿಗೆ ಒಣಗಿಸುತ್ತಿದ್ದಳು. ಕಾಗೆ ಓಡಿಸುವ ಕೆಲಸ ನನ್ನದು. ಹೆಬ್ಬಾಳದ ಕಡೆಯಿಂದ ಲಾರಿಗಳ ಸದ್ದು ಕೇಳುತ್ತಿತ್ತು, ಬಂಡೆ ಬೆನ್ನಿಗೆ ಬೆಚ್ಚಗಿರುತ್ತಿತ್ತು, ಅವ್ವ ಏನೋ ಗುನುಗುತ್ತ ಸಂಡಿಗೆ ಬಿಡುತ್ತಿದ್ದಳು. ನನಗೆ ಒಂಟಿತನ ಎಂಬ ಪದದ ಅರ್ಥ ಗೊತ್ತಿಲ್ಲದ ಕಾಲ ಅದು.

ಅಜ್ಜ ದಿನಾ ಬೆಳಿಗ್ಗೆ ಪೂಜೆಗೆ ಕೂತಾಗ ಸಂಕಲ್ಪ ಹೇಳುತ್ತಿದ್ದ. ಯಾವ ಕೆಲಸವನ್ನು ದೇವರ ಮುಂದೆ ಶುರುಮಾಡಿದರೂ, ಅದನ್ನು ಮಾಡುವವನು ತಾನು ಕಾಲದ ಯಾವ ಮೂಲೆಯಲ್ಲಿ, ದೇಶದ ಯಾವ ಮೂಲೆಯಲ್ಲಿ ಕೂತಿದ್ದೇನೆಂದು ಮೊದಲು ಹೇಳಿಕೊಳ್ಳಬೇಕು. ಬ್ರಹ್ಮನ ಆಯುಷ್ಯದ ಎರಡನೇ ಅರ್ಧ, ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಕಲಿಯುಗದ ಮೊದಲ ಪಾದ, ಹೀಗೆ ದೊಡ್ಡದರಿಂದ ಇಳಿಯುತ್ತ ಇಳಿಯುತ್ತ ಇವತ್ತಿನ ತಿಥಿ ವಾರಕ್ಕೆ ಬಂದು ನಿಲ್ಲಬೇಕು. ನಡುವೆ ಗೋದಾವರಿಯ ದಕ್ಷಿಣ ತೀರ ಎಂದೂ ಬರುತ್ತದೆ. ನಳದಲ್ಲಿ ವಾರಗಟ್ಟಲೆ ನೀರು ಬಾರದ ಅಮೃತಹಳ್ಳಿಯಲ್ಲಿ ಕೂತು ಅಜ್ಜ ಅದನ್ನು ಗಂಭೀರವಾಗಿ ಹೇಳುವಾಗ ಅವ್ವ ಸೆರಗಿನಲ್ಲಿ ನಗುತ್ತಿದ್ದಳು. ಈ ಲೆಕ್ಕವನ್ನು ಅಜ್ಜ ಅಪ್ಪನಿಗೂ ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿಸಿದ್ದನಂತೆ. ಯುಗಗಳನ್ನು ಕೂಡಿಸುವುದು, ಮನ್ವಂತರಗಳನ್ನು ಗುಣಿಸುವುದು, ಅವರಿಬ್ಬರ ಸಂಜೆಯ ಆಟ. ಅಪ್ಪ ಒಳ್ಳೆಯ ಮನಸ್ಸಿನಲ್ಲಿದ್ದಾಗ ತಾನೇ ಅದನ್ನು ಒಪ್ಪಿಕೊಳ್ಳುತ್ತಿದ್ದ.

“ನನ್ನ ಕ್ಲಾಸಿನ ಹುಡುಗ್ರಿಗೆ ಕೋಟಿ ವರ್ಷ ಅಂದ್ರ ತಲಿ ತಿರಗ್ತದ. ನನಗ ತಿರಗಲಿಲ್ಲ. ಯಾಕಂದ್ರ ಇಂವ ನನಗ ಮುಂಜಿವಿ ಮುಂಚೇನ ಬ್ರಹ್ಮನ ಒಂದು ದಿನಾ ಎಷ್ಟು ಅಂತ ಕಲಿಸಿಬಿಟ್ಟಿದ್ದ.”

ಅಂದರೆ ಅಪ್ಪನನ್ನು ಕಲ್ಲಿನ ಹಾದಿಗೆ ಹಚ್ಚಿದವನು ಅಜ್ಜನೇ. ಇದನ್ನು ಹೇಳಿದರೆ ಅಜ್ಜನಿಗೆ ಹೆಮ್ಮೆಯೂ ಆಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಅವರಿಬ್ಬರೂ ಒಂದೇ ಪಕ್ಷದಲ್ಲಿ ನಿಂತದ್ದನ್ನು ನಾನು ನೋಡಿದ್ದು ಒಮ್ಮೆ. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ, ಭೂಮಿ ಹುಟ್ಟಿ ಆರು ಸಾವಿರ ವರ್ಷ ಆಯಿತು, ದೇವರು ಆರು ದಿನದಲ್ಲಿ ಮಾಡಿ ಏಳನೇ ದಿನ ಸುಧಾರಿಸಿಕೊಂಡ, ಹಾಗಂತ ಅವರಜ್ಜಿ ಹೇಳಿದ್ದಾರೆ ಅಂದಿದ್ದಳು. ನಾನು ಬಂದು ಅದನ್ನು ಪಡಸಾಲೆಯಲ್ಲಿ ವರದಿ ಮಾಡಿದೆ. ಅಜ್ಜ ಕನ್ನಡಕ ತೆಗೆದ.

“ಆರೇ ಸಾವಿರೇನು? ಅಷ್ಟರಾಗ ಕೃಷ್ಣ ಹುಟ್ಟಿ ಹೋಗೂದಷ್ಟ ಆಗ್ತದವಾ. ರಾಮಗ ಜಾಗಾನ ಇಲ್ಲಲ್ಲ!”

ಅಪ್ಪ ಜೋರಾಗಿ ನಕ್ಕ. ಅಜ್ಜನೂ ನಕ್ಕ. ಇಬ್ಬರು ಶ್ರೀಮಂತರು ಬಡವನ ಜೇಬು ನೋಡಿ ನಕ್ಕ ಹಾಗೆ ಇತ್ತು ಅದು. ಅವ್ವ ಮಾತ್ರ ನನ್ನನ್ನು ಅಡುಗೆಮನೆಗೆ ಕರೆದಳು. ಅವಳು ಹಿಟ್ಟು ನಾದುತ್ತಿದ್ದಳು.

“ನಾಳೆ ಹೋಗಿ ಆ ಹುಡುಗಿ ಮುಂದ ಏನೂ ಆಡಬ್ಯಾಡ. ಅವರಜ್ಜಿ ಹೇಳ್ಯಾಳ, ಅಕಿ ನಂಬ್ಯಾಳ. ನಿಮ್ಮಜ್ಜ ಹೇಳಿದ್ದ ನೀ ನಂಬಂಗಿಲ್ಲೇನು?”

“ಹಂಗಾದ್ರ ಖರೇ ಯಾರದವ್ವಾ?”

“ನನಗೇನ್ ಗೊತ್ತು. ಆ ಬಂಡೆ ಮ್ಯಾಲೆ ಸಂಡಿಗಿ ಒಣಗಲಿಕ್ಕೆ ಎಷ್ಟು ಹೊತ್ತು ಬೇಕು ಕೇಳು, ಹೇಳ್ತೇನಿ.”

ನನಗೆ ಒಂಬತ್ತೋ ಹತ್ತೋ ವರ್ಷವಿದ್ದಾಗ ಅವ್ವ ಜ್ವರವೆಂದು ಮಲಗಿದಳು, ಮತ್ತೆ ಏಳಲಿಲ್ಲ. ಅದನ್ನು ಇದಕ್ಕಿಂತ ಉದ್ದ ಬರೆಯಲು ನನಗೆ ಇವತ್ತಿಗೂ ಬರುವುದಿಲ್ಲ. ಕರ್ಮಗಳೆಲ್ಲ ಅಜ್ಜನ ಊರಲ್ಲಿ, ಹೊಳೆಯ ದಂಡೆಯಲ್ಲಿ ನಡೆದವು. ನನ್ನನ್ನು ಯಾರೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಅಪ್ಪ ದರ್ಭೆ ಹಿಡಿದು ಸುಮ್ಮನೆ ಕೂತಿದ್ದನಂತೆ, ಅವನ ಬದಲು ಅವನ ತಮ್ಮ, ನನ್ನ ಕಾಕಾನೇ ಮಂತ್ರಗಳನ್ನೆಲ್ಲ ಹೇಳಿದನಂತೆ. ತಿರುಗಿ ಬಂದಾಗ ಬಂಡೆಯ ಮೇಲೆ ಯಾರದೋ ಕೋಳಿಗಳು ಓಡಾಡುತ್ತಿದ್ದವು.

ಆಮೇಲೆ ಅಡುಗೆಮನೆ ಅಜ್ಜನ ಕೈಗೆ ಬಂತು. ಮಡಿ ಉಟ್ಟು ಅವನು ಮಾಡುವ ಸಾರು ನೀರಿಗಿಂತ ಸ್ವಲ್ಪ ಹಳದಿ ಇರುತ್ತಿತ್ತು, ಅಷ್ಟೇ. ಅವನನ್ನು ದೂರುವಂತಿರಲಿಲ್ಲ, ಎಪ್ಪತ್ತು ದಾಟಿದವನು ಮೊದಲ ಸಲ ಒಲೆಯ ಮುಂದೆ ನಿಂತಿದ್ದ. ಊಟದ ಹೊತ್ತಿನಲ್ಲಿ ಭೂಮಿಯ ಮಾತಾಡಬಾರದೆಂಬ ಕಾನೂನು ಮಾತ್ರ ಅವ್ವನ ಜೊತೆಗೇ ಹೋಯಿತು. ತಾಟಿಗೆ ಭಕ್ರಿ ಹಾಕಿ ಬಾಯಿ ಮುಚ್ಚಿಸುವವರಿಲ್ಲದೆ ಮಾತು ಬೆಳೆಯಿತು. ಮೊದಲು ನಗುತ್ತ ಆಡುತ್ತಿದ್ದ ವಾದ ಈಗ ಹಲ್ಲು ಕಚ್ಚಿ ನಡೆಯುತ್ತಿತ್ತು. ಸಾಲಿಗ್ರಾಮವನ್ನು ಅಪ್ಪ ಸಮುದ್ರದ ಹುಳದ ಚಿಪ್ಪು ಅಂದ, ಹಿಮಾಲಯ ಹುಟ್ಟುವ ಮೊದಲು ಅಲ್ಲಿದ್ದ ಸಮುದ್ರದ್ದು ಅಂದ. ಅದನ್ನೇ ಅವನು ಮೊದಲೂ ನೂರು ಸಲ ಹೇಳಿದ್ದ, ಅಜ್ಜ “ಆ ಹುಳದೊಳಗೂ ಅವನ ಇದ್ದಾನ ತಗೋ” ಎಂದು ತಳ್ಳಿಹಾಕಿದ್ದ. ಈಗ ಅಜ್ಜ ತಾಟು ಬಿಟ್ಟು ಎದ್ದ. ಇಬ್ಬರೂ ಯಾವುದರ ಮೇಲೆ ಸಿಟ್ಟಾಗಿದ್ದರೆಂದು ಈಗ ಹೇಳಬಲ್ಲೆ. ಆಗ ನನಗೆ ಭೂಮಿಯ ಮೇಲೆಯೇ ಸಿಟ್ಟು ಬರುತ್ತಿತ್ತು, ಒಂದೇ ವಯಸ್ಸು ಇಟ್ಟುಕೊಂಡು ಸುಮ್ಮನಿರಬಾರದೇ ಇದಕ್ಕೆ ಅನ್ನಿಸುತ್ತಿತ್ತು.

ವರ್ಷ ತುಂಬಿದ ಮೇಲೆ ಅವ್ವನ ಶ್ರಾದ್ಧವನ್ನು ಮನೆಯಲ್ಲೇ ಮಾಡುವುದೆಂದಾಯಿತು. ಯಶವಂತಪುರದಿಂದ ಆಚಾರ್ಯರು ಸ್ಕೂಟರಿನಲ್ಲಿ ಬಂದರು. ಅವರೂ ನಮ್ಮ ಕಡೆಯವರೇ, ರಾಯಚೂರಿನವರು. ಅಡುಗೆಗೆ ಒಬ್ಬರು ಬಂದಿದ್ದರು, ಒಂದು ವರ್ಷದ ನಂತರ ಮನೆಯಲ್ಲಿ ವಡೆ ಕರಿಯುವ ವಾಸನೆ ಎದ್ದಿತ್ತು. ಬಾಗಿಲಿಗೆ ರಂಗೋಲಿ ಹಾಕಬಾರದೆಂದು ಅಜ್ಜ ನನಗೆ ಹೇಳಿದ್ದ, ಒಳಗೆ ಬರಬಾರದೆಂದೂ ಹೇಳಿದ್ದ. ನಾನು ಅಡುಗೆಮನೆಯ ಹೊಸ್ತಿಲಿನ ಈಚೆ ನಿಂತಿದ್ದೆ. ಅಪ್ಪ ಉಂಗುರ ಬೆರಳಿಗೆ ದರ್ಭೆಯ ಪವಿತ್ರ ಹಾಕಿಕೊಂಡು ಕೂತು ಆಚಾರ್ಯರು ಹೇಳಿದ್ದನ್ನು ತಿರುಗಿ ಹೇಳುತ್ತಿದ್ದ. ಕಲ್ಪದ ಹೆಸರು ಬಂದಾಗ ನಿಲ್ಲಿಸಿದ.

“ಯಾಕ್ರೀ, ಹೇಳ್ರಿ,” ಅಂದರು ಆಚಾರ್ಯರು.

“ಹೇಳೂದಿಲ್ರಿ. ಸುಳ್ಳದು.”

“ಏನ್ ಸುಳ್ಳು?” ಇದು ಅಜ್ಜ, ಮೂಲೆಯಿಂದ.

“ಈ ಕಲ್ಪ ಶುರುವಾಗಿ ನೂರಾ ತೊಂಬತ್ತೇಳು ಕೋಟಿ ವರ್ಷ ಅಂತ ನೀನ ಕಲಿಸಿದಿ. ಹೊರಗ ಆ ಬಂಡೆ ಅದಲ್ಲ, ಅಕಿ ಸಂಡಿಗಿ ಹಾಕ್ತಿದ್ಲಲ್ಲ, ಅದಕ್ಕ ಮುನ್ನೂರು ಕೋಟಿ. ಭೂಮಿಗಿಂತ ಮೊದಲ ಬಂಡೆ ಹುಟ್ಟಿತ್ತೇನು? ಗೊತ್ತಿದ್ದೂ ಗೊತ್ತಿದ್ದೂ ಅಕಿ ಹೆಸರಿನ ಮ್ಯಾಲೆ ನಾ ಸುಳ್ಳು ಹೇಳೂದಿಲ್ಲ.”

“ಬಂಡೆ ವಯಸ್ಸು ಹೇಳಲಿಕ್ಕೆ ಕೂತಿಯೋ, ಹೆಂಡತಿ ಶ್ರಾದ್ಧ ಮಾಡಲಿಕ್ಕೆ ಕೂತಿಯೋ?”

ಅಪ್ಪ ಪವಿತ್ರ ಬಿಚ್ಚಿ ಬಾಳೆಲೆಯ ಮೇಲಿಟ್ಟು ಎದ್ದು ಹೊರಗೆ ಹೋದ. ಮೆಟ್ಟಿಲು ಇಳಿಯುವ ಸದ್ದು ಕೇಳಿಸಿತು. ಅವನ ಬೆನ್ನಿಗೆ ಅಜ್ಜ ಕೂಗಿ ಹೇಳಿದ.

“ಇವತ್ತಿಂದ ನಿನ್ನ ಜೋಡಿ ನನ್ನ ಮಾತು ಮುಗೀತು!”

ಅರ್ಧಕ್ಕೆ ನಿಂತ ಶ್ರಾದ್ಧದ ಅಡುಗೆಯನ್ನು ಮನೆಯವರು ಉಣ್ಣಬಾರದೆಂದು ಆಚಾರ್ಯರು ಹೇಳಿದರು. ವಡೆ, ಪಾಯಸ, ಎಲ್ಲವೂ ರತ್ನಮ್ಮನ ಹಸುಗಳ ಮುಂದೆ ಹೋಯಿತು. ಹಸುಗಳು ವಡೆ ತಿನ್ನುವುದನ್ನು ನೋಡುತ್ತ ನಾನು ಹಸಿದು ನಿಂತಿದ್ದೆ. ರತ್ನಮ್ಮ ನನ್ನ ಮುಖ ನೋಡಿ ಒಳಗೆ ಕರೆದು ಕೂರಿಸಿ ತಟ್ಟೆಗೆ ಬಿಸಿ ಮುದ್ದೆ ಹಾಕಿದರು.

“ಅಗೀಬ್ಯಾಡ ಮಗ, ಇಂಗೆ ಮುರ್ದು ಸಾರಲ್ಲಿ ಅದ್ದು ನುಂಗು. ಗಂಟ್ಲಲ್ಲಿ ಸಿಕ್ಕಾಕ್ಕಳಲ್ಲ, ಎದ್ರುಕೋಬ್ಯಾಡ.”

ಮುದ್ದೆ ನುಂಗುವುದನ್ನು ನಾನು ಕಲಿತದ್ದು ಅವ್ವನ ಶ್ರಾದ್ಧದ ದಿನ.

ಅಂದು ಶುರುವಾದ ಮೌನ ಮುಂದಿನ ವರ್ಷದವರೆಗೂ ನಡೆಯಿತು. ಅಜ್ಜ ಆಡಿದ ಮಾತು ತಪ್ಪುವವನಲ್ಲ, ಅಪ್ಪ ಅವನದೇ ಮಗ. ಮೂರು ಜನರ ಮನೆಯಲ್ಲಿ ಇಬ್ಬರು ಮಾತು ಬಿಟ್ಟರೆ ಮೂರನೆಯವರು ಟಪಾಲಿನವರಾಗುತ್ತಾರೆ. ಎರಡು ಮಾರು ದೂರದಲ್ಲಿ ಕೂತುಕೊಂಡೇ ಅಪ್ಪ, “ನಳಾ ಬಂದದ ಅಂತ ಅಜ್ಜಗ ಹೇಳು” ಅನ್ನುತ್ತಿದ್ದ. ಅಜ್ಜ, “ಕಿವಿ ಇನ್ನೂ ಕೇಳಸ್ತಾವ ಅಂತ ನಿಮ್ಮಪ್ಪಗ ಹೇಳು” ಅನ್ನುತ್ತಿದ್ದ. ಅಪ್ಪ ಕಾಲೇಜಿನಿಂದ ತಡವಾಗಿ ಬಂದು ಒಬ್ಬನೇ ಉಣ್ಣುತ್ತಿದ್ದ, ಅಜ್ಜ ಹೊತ್ತು ಮುಳುಗುವ ಮೊದಲೇ ಉಂಡು ಏಳುತ್ತಿದ್ದ, ನಾನು ಇಬ್ಬರ ನಡುವಿನ ಯಾವುದೋ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಉಣ್ಣುತ್ತಿದ್ದೆ. ಮೊದಲು ನಾಲ್ಕು ಮಣೆ ಹಾಕುತ್ತಿದ್ದ ಜಾಗ ಅದು. ಕೆಲವೊಮ್ಮೆ ನಾನೇ ಸಂದೇಶ ಹುಟ್ಟಿಸುತ್ತಿದ್ದೆ. ನಿನಗ ಕೆಮ್ಮು ಹೆಂಗದ ಅಂತ ಅಪ್ಪ ಕೇಳ್ಯಾನ ಅಂತ ಅಜ್ಜನಿಗೆ ಹೇಳಿದರೆ, “ಅಂವ ಹಂಗ ಕೇಳಾಂವಲ್ಲ” ಅನ್ನುತ್ತಿದ್ದ ಅಜ್ಜ. ಹಾಗೆ ಹೇಳಿಯೂ, ಸ್ವಲ್ಪ ತಡೆದು, “ಕಡಿಮಿ ಆಗೇದ ಅಂತ ಹೇಳು” ಅನ್ನುತ್ತಿದ್ದ.

ಆ ವರ್ಷವೇ ನನಗೆ ಒಂದು ವಿಷಯ ಹೊಳೆದು ಹೆದರಿಕೆಯಾಯಿತು. ಮನೆಯಲ್ಲಿ ಅವ್ವನ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. ಅಪ್ಪ ಅವಳಿದ್ದಾಗಲೂ “ಕೇಳ್ತೀಯೇನು” ಎಂದು ಕರೆಯುತ್ತಿದ್ದ, ಹೋದ ಮೇಲೆ ಅವಳು “ಅಕಿ” ಆಗಿದ್ದಳು. ಅಜ್ಜನಿಗೆ ಅವಳು “ತಂಗಿ”. ರತ್ನಮ್ಮನಿಗೆ “ಮೇಡಮ್ಮೋರು”. ನನಗೆ ಅವ್ವ. ಹೆಸರು ಹಿಡಿದು ಕರೆಯುತ್ತಿದ್ದ ಅವಳ ತವರಿನವರು ದೂರವಿದ್ದರು, ಅವಳು ಹೋದ ಮೇಲೆ ಬರುವುದನ್ನೂ ಬಿಟ್ಟಿದ್ದರು. ಶಾಲೆಯಿಂದ ಬಂದು, ಜಪಕ್ಕೆ ಕೂತ ಅಜ್ಜನನ್ನು ದಾಟಿಕೊಂಡು ಚೀಲ ಇಟ್ಟು, ನಾನು ಬಂಡೆಗೆ ಹೋಗುತ್ತಿದ್ದೆ. ಅಲ್ಲಿ ಕೂತು ಆ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಂಡು ನೋಡುತ್ತಿದ್ದೆ. ಒಂದೊಂದು ದಿನ ಅದು ಯಾರೋ ಅಪರಿಚಿತರ ಹೆಸರಿನ ಹಾಗೆ ಕೇಳಿಸುತ್ತಿತ್ತು. ಬೇರೆ ಯಾರ ಬಾಯಲ್ಲಾದರೂ ಅದನ್ನು ಒಮ್ಮೆ ಕೇಳಬೇಕು, ಆಗಲಾದರೂ ಅವಳು ಇದ್ದದ್ದು ನಿಜ ಅನ್ನಿಸೀತು ಎಂದು ನನಗೆ ಆಸೆಯಾಗುತ್ತಿತ್ತು. ಇಂಥ ಆಸೆಯನ್ನು ಯಾರ ಮುಂದೆ ಹೇಳುವುದು?

ಪಿತೃಪಕ್ಷದ ಅಮಾವಾಸ್ಯೆಗೆ ರತ್ನಮ್ಮ ತಮ್ಮ ಹಿರಿಯರಿಗೆ ಎಡೆ ಇಟ್ಟಾಗ ನನ್ನನ್ನೂ ಕರೆದರು. ಗೋಡೆಗೆ ಹೊಸ ಪಂಚೆ ಸೀರೆ ನೇತುಹಾಕಿ, ಮುಂದೆ ಎಲೆ ಹಾಸಿ, ಸತ್ತವರಿಗೆ ಯಾವುದು ಇಷ್ಟವೋ ಅದನ್ನೆಲ್ಲ ಬಡಿಸಿದ್ದರು. ಅವರ ಮಾವನ ಎಲೆಯ ಪಕ್ಕ ಒಂದು ಕಟ್ಟು ಬೀಡಿ ಇತ್ತು, ಬೀಡಿಯ ಪಕ್ಕ ಸಣ್ಣ ಬ್ರಾಂದಿ ಬಾಟಲಿ. ಮನೆಯವರೆಲ್ಲ ಒಬ್ಬೊಬ್ಬರಾಗಿ ಬಂದು, ಸತ್ತವರ ಹೆಸರು ಕೂಗಿ, ಉಣ್ಣಿ ಎಂದು ಕೈ ಮುಗಿದರು. ಎಷ್ಟು ಸುಲಭ ಇವರಿಗೆ ಅನ್ನಿಸಿತು.

“ಆಂಟಿ, ನಿಮ್ಮಲ್ಲಿ ಭೂಮಿ ವಯಸ್ಸು ಹೇಳಲ್ವಾ?” ಅಂತ ಕೇಳಿದೆ.

“ಭೂಮಿ ವಯಸ್ಸಾ? ಅದ್ಯಾರ್ ಕೇಳ್ತಾರೆ ಮಗ! ಚದರಡಿಗೆ ಎಷ್ಟು ಅಂತ ಕೇಳ್ತಾರೆ.”

ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಹೊಟ್ಟೆಕಿಚ್ಚಿನಿಂದ. ನನಗೆ ಅವರ ಎಡೆಯೂ ಬೇಕಿರಲಿಲ್ಲ, ಬೀಡಿಯೂ ಬೇಕಿರಲಿಲ್ಲ. ಆ ಕೂಗು ಬೇಕಿತ್ತು. ನಮ್ಮ ಮನೆಯಲ್ಲಿ ಅವ್ವನ ಹೆಸರನ್ನು ಬಾಯಿ ಬಿಟ್ಟು ಹೇಳಲೇಬೇಕಾದ ದಿನ ವರ್ಷಕ್ಕೆ ಒಂದಿತ್ತು, ಅದು ಶ್ರಾದ್ಧದ ದಿನ. ಹೋದ ವರ್ಷ ಅದು ಕೋಟಿಗಳ ಹತ್ತಿರವೇ ನಿಂತುಹೋಗಿತ್ತು. ಈ ವರ್ಷವೂ ನಿಂತರೆ ಇನ್ನು ಮುಂದೆ ಯಾರೂ ಮಾಡುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ತಿಥಿ ಹತ್ತಿರ ಬಂತು. ಅಜ್ಜನನ್ನು ಕೇಳಿದೆ. “ಮಾಡಬೇಕಾದಾಂವ ಅಂವ. ಗಂಡ ಇರೂತನಾ ನನಗ ಹೆಂಗ ಮಾಡ್ಲಿಕ್ಕೆ ಬರ್ತದ?” ಅಂದ. ನಾನೇ ಮಾಡಲಾ ಅಂದೆ. ಅವನು ನನ್ನ ತಲೆ ಸವರಿ ಜಪದ ಮಾಲೆ ಕೈಗೆತ್ತಿಕೊಂಡ. ಭಾನುವಾರ ಬಿಸಿಲು ಇಳಿಯುವ ಹೊತ್ತಿಗೆ ಅಪ್ಪ ಬಂಡೆಯ ಮೇಲೆ ಸುತ್ತಿಗೆ ಹಿಡಿದು ಕೂತಿದ್ದ. ಹೋಗಿ ಪಕ್ಕದಲ್ಲಿ ಕೂತೆ. ಒಡೆದ ಚೂರನ್ನು ನನ್ನ ಅಂಗೈಯಲ್ಲಿಟ್ಟು ಕಪ್ಪು ಬಿಳಿ ಪಟ್ಟೆಗಳನ್ನು ತೋರಿಸಿದ. ಬೇರೆ ಮಾತು ಬಾರದಾಗ ಅವನು ಕಲ್ಲಿನ ಮಾತಾಡುತ್ತಿದ್ದ.

“ಇದರಾಗ ಎಳ್ಳಿಗಿಂತ ಸಣ್ಣ ಹರಳು ಇರ್ತಾವ. ಕಲ್ಲು ಕಾದು ಕರಗಿ ಗಟ್ಟಿ ಆಗುಮುಂದ ಹುಟ್ಟಿದ್ದು. ಅದರೊಳಗಿನ ಯುರೇನಿಯಂ ಸಾವಕಾಶ ಸೀಸ ಆಗ್ಕೋತ ಹೋಗ್ತದ. ಎಷ್ಟು ಸೀಸ ಆಗೇದ ನೋಡಿದ್ರ ಕಲ್ಲು ಹುಟ್ಟಿ ಎಷ್ಟು ವರ್ಷಾತು ಅಂತ ತಿಳೀತದ. ಅದು ಸುಳ್ಳು ಹೇಳಂಗಿಲ್ಲ.”

“ಅಪ್ಪಾ, ಈ ವರ್ಷ ಅವ್ವಂದು ಮಾಡ್ತಿಯಿಲ್ಲ?”

ಅವನು ಇನ್ನೊಂದು ಚೂರು ಒಡೆಯಲು ಸುತ್ತಿಗೆ ಎತ್ತಿದ. ನನಗೆ ಎಲ್ಲಿಂದ ಧೈರ್ಯ ಬಂತೋ, ಅಷ್ಟು ದಿನ ನುಂಗಿಕೊಂಡದ್ದು ಒಮ್ಮೆಲೇ ಹೊರಗೆ ಬಂತು.

“ಮನ್ಯಾಗ ಯಾರೂ ಅಕಿ ಹೆಸರು ಹೇಳಂಗಿಲ್ಲ. ನೀನೂ ಹೇಳಂಗಿಲ್ಲ, ಅಜ್ಜನೂ ಹೇಳಂಗಿಲ್ಲ. ಅವತ್ತೊಂದು ದಿನಾ ಹೇಳಬೇಕಾಗ್ತದ. ಅದಕ್ಕ ಮಾಡು. ನೂರು ಕೋಟಿ ಇರ್ಲಿ, ಸಾವಿರ ಕೋಟಿ ಇರ್ಲಿ, ನನಗೇನ್ ಆಗಬೇಕಾಗೇದ? ನನಗ ಅಕಿ ಹೆಸರು ಕೇಳಬೇಕಾಗೇದ.”

ಅತ್ತುಬಿಟ್ಟೆ. ಅಪ್ಪ ಸುತ್ತಿಗೆಯ ಹಿಡಿಯನ್ನು ಉಜ್ಜುತ್ತ ಕೂತ. ನನ್ನನ್ನು ಸಮಾಧಾನ ಮಾಡಲು ಅವನಿಗೆ ಬರುತ್ತಿರಲಿಲ್ಲ, ಆ ಕೆಲಸ ಯಾವಾಗಲೂ ಅವ್ವನದೇ ಆಗಿತ್ತು. ಮರುದಿನ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತ, ಗೋಡೆಗೆ ಹೇಳಿದ ಹಾಗೆ, “ಆಚಾರ್ರಿಗೆ ಹೇಳಿ ಬರ್ತೇನಿ ಅಂತ ಅಜ್ಜಗ ಹೇಳು” ಅಂದ. ಅಜ್ಜ ದೇವರ ಮೂಲೆಯಿಂದ, “ಎಳ್ಳು ಮುಗದದ, ತರಬೇಕು ಅಂತ ಹೇಳು” ಅಂದ. ನನಗೆ ಕುಣಿಯಬೇಕೆನ್ನಿಸಿತು.

ತಿಥಿಯ ದಿನ ಮತ್ತೆ ಅದೇ ಆಚಾರ್ಯರು, ಅದೇ ಅಡುಗೆಯವರು, ಅದೇ ವಡೆಯ ವಾಸನೆ. ನಾನು ಅದೇ ಹೊಸ್ತಿಲಲ್ಲಿ. ಆಚಾರ್ಯರು ಹೋದ ವರ್ಷದ್ದನ್ನು ಮರೆತಿರಲಿಲ್ಲ. ಆಚಮನ ಮಾಡಿಸುತ್ತ ಮೆಲ್ಲಗೆ ಒಂದು ದಾರಿ ತೋರಿಸಿದರು.

“ರಾಯರ, ಕಲ್ಪ ಮನ್ವಂತರ ಎಲ್ಲಾ ನಾನ ಅಂದುಬಿಡ್ತೇನಿ. ನೀವು ಸುಮ್ಮ ಕೂಡ್ರಿ. ಏನ್ ದೋಷಿಲ್ಲ.”

“ಬ್ಯಾಡ್ರಿ. ಪೂರ್ತಿ ಹೇಳಸ್ರಿ,” ಅಂದ ಅಪ್ಪ.

ಮತ್ತು ಪೂರ್ತಿ ಹೇಳಿದ. ಬ್ರಹ್ಮನ ಎರಡನೇ ಪರಾರ್ಧ, ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಒಂದಕ್ಷರ ನುಂಗದೆ, ದೊಡ್ಡ ದನಿಯಲ್ಲಿ, ಬಹುಶಃ ಅಜ್ಜ ಅವನಿಗೆ ಬಾಯಿಪಾಠ ಮಾಡಿಸಿದ್ದ ಧಾಟಿಯಲ್ಲೇ. ತುಳಸಿ ಬಿಡಿಸುತ್ತಿದ್ದ ಅಜ್ಜನ ಕೈ ನಿಂತಿತು. ಗೋದಾವರಿಯ ತೀರ ಬಂತು, ಅದನ್ನೂ ಹೇಳಿದ. ಸಂವತ್ಸರ, ಮಾಸ, ತಿಥಿ, ಎಲ್ಲ ಇಳಿದು ಬಂದವು. ನಾನು ಬಾಗಿಲಿನ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಇನ್ನು ಬರುವುದು ಅವಳೇ.

“ಮನಿಯವರ ಹೆಸರು ಹೇಳ್ರಿ,” ಅಂದರು ಆಚಾರ್ಯರು.

ಅಪ್ಪ ಬಾಯಿ ತೆರೆದ. ಏನೂ ಬರಲಿಲ್ಲ.

“ಹೆಸರ್ರಿ, ರಾಯರ. ಕರ್ತೃ ಹೇಳಬೇಕಾಗ್ತದ.”

ಅಪ್ಪ ಅಂಗೈಯಲ್ಲಿದ್ದ ಎಳ್ಳನ್ನು ನೋಡುತ್ತ ಕೂತಿದ್ದ. ಅವನು ಅಜ್ಜನ ಕಡೆ ತಿರುಗಿದ. ಒಂದು ವರ್ಷದ ನಂತರ ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅಜ್ಜ ತುಟಿ ಅಲುಗಿಸಿದ, ಆದರೆ ದನಿ ಹೊರಡಲಿಲ್ಲ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಕೋಟಿಗಳನ್ನು ನೀರು ಕುಡಿದ ಹಾಗೆ ಹೇಳುತ್ತಿದ್ದ ಇಬ್ಬರು ಗಂಡಸರು ನಾಲ್ಕು ಅಕ್ಷರಗಳ ಮುಂದೆ ಕೂತುಬಿಟ್ಟಿದ್ದರು. ಹೋದ ವರ್ಷ ಅಪ್ಪ ಕಲ್ಪದ ಹತ್ತಿರ ಯಾಕೆ ಜಗಳ ತೆಗೆದು ಎದ್ದು ಹೋದ ಎಂದು ನನಗೆ ಆಗ ತಿಳಿಯಿತು. ಮುಂದೆ ಹೋಗಿದ್ದರೆ ಈ ಜಾಗ ಬರುತ್ತಿತ್ತು. ಅವನು ಇಲ್ಲಿಗೆ ಬರಲಾರದೆ ಅಲ್ಲೇ ನಿಂತಿದ್ದ. ನನಗೆ ಅವನ ಮೇಲೆ ಕನಿಕರ ಹುಟ್ಟಿತು, ಅದರ ಜೊತೆಗೆ ಭಯವೂ ಆಯಿತು, ಮತ್ತೆ ಎದ್ದು ಹೋಗಿಬಿಟ್ಟರೆ ಎಂದು.

“ಮಂದಾಕಿನಿ,” ಅಂದೆ ನಾನು, ಹೊಸ್ತಿಲಿನಿಂದ.

ಆಚಾರ್ಯರು ತಿರುಗಿ ನೋಡಿದರು. ಶ್ರಾದ್ಧದ ನಡುವೆ ಹುಡುಗಿ ಬಾಯಿ ಹಾಕುವುದುಂಟೇ? ಅವರು ಏನು ಹೇಳುತ್ತಿದ್ದರೋ, ಅಷ್ಟರಲ್ಲಿ ಗೋಡೆಯ ಕಡೆಯಿಂದ ಅಜ್ಜನ ದನಿ ಬಂತು.

“ಹುಡುಗಿ ಹೇಳ್ಯಾಳಲ್ರೀ. ಮುಂದ ನಡಸ್ರಿ.”

ಆಚಾರ್ಯರು ಹೆಸರನ್ನು ಮಂತ್ರದೊಳಗೆ ಸೇರಿಸಿಕೊಂಡು, ಹಿಂದೆ ಮುಂದೆ ಸಂಸ್ಕೃತ ಹಚ್ಚಿ, ಎಷ್ಟು ಬೇಗ ದಾಟಿಸಿದರೆಂದರೆ ಅದು ನನ್ನ ಕಿವಿಗೆ ಬಿದ್ದಾಗ ಯಾವುದೋ ನದಿಯ ವಿಷಯ ಹೇಳಿದ ಹಾಗಿತ್ತು. ಅಪ್ಪ ಹಿಂದೆ ಹೇಳಲಿಲ್ಲ. ಆ ಹೆಸರು ಶ್ರಾದ್ಧದಲ್ಲಿ ಒಂದೇ ಸಲ ಬರುವುದಲ್ಲ, ನೀರು ಬಿಡುವಾಗ ಬರುತ್ತದೆ, ಪಿಂಡ ಇಡುವಾಗ ಬರುತ್ತದೆ. ಪ್ರತಿಸಲವೂ ಅಪ್ಪ ಆ ಜಾಗಕ್ಕೆ ಬಂದು ನಿಲ್ಲುತ್ತಿದ್ದ, ತಲೆಯೆತ್ತಿ ಹೊಸ್ತಿಲಿನ ಕಡೆ ನೋಡುತ್ತಿದ್ದ, ನಾನು ಹೇಳುತ್ತಿದ್ದೆ, ಆಮೇಲೆ ಅವನು ಮುಂದುವರಿಯುತ್ತಿದ್ದ. ಕೊನೆಗೆ ಕಾಗೆಗಳು ಬಂದವು, ಪಿಂಡ ಮುಟ್ಟಿದವು. ಎಲೆ ಹಾಕಿ ಮೂವರೂ ಒಟ್ಟಿಗೆ ಉಣ್ಣಲು ಕೂತಾಗ ಅಜ್ಜ ಅಪ್ಪನಿಗೆ ನೇರವಾಗಿ, “ವಡಿ ಹಾಕ್ಕೋ, ತಣ್ಣಗಾಗ್ತಾವ” ಅಂದ. ಅಪ್ಪ ಹಾಕಿಕೊಂಡ.

ಮರುದಿನದಿಂದ ಅವರಿಬ್ಬರೂ ಮಾತಾಡತೊಡಗಿದರು, ಭೂಮಿಯ ಬಗ್ಗೆ. ನೂರಾ ತೊಂಬತ್ತೇಳು, ಮುನ್ನೂರು, ನಾನೂರಾ ಐವತ್ತು, ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಮರಳಿದವು. ಹಳೇ ಉತ್ಸಾಹ, ಹಳೇ ಕೂಗಾಟ. ಅಜ್ಜ ಹೋಗುವವರೆಗೂ ಇಬ್ಬರೂ ಒಂದು ವರ್ಷವನ್ನೂ ಬಿಟ್ಟುಕೊಡಲಿಲ್ಲ. ಜಗಳ ಮುಗಿದದ್ದಕ್ಕೆ ನಾನು ಖುಷಿಪಡಬೇಕಿತ್ತು, ಪಟ್ಟೆ ಕೂಡ. ಆದರೆ ಅಡುಗೆಮನೆಯಲ್ಲಿ ತಾಟು ತೊಳೆಯುತ್ತ ಅವರ ಮಾತು ಕೇಳುವಾಗ, ಟಪಾಲಿನ ಕೆಲಸವೂ ಹೋಗಿ ನಾನು ಇನ್ನಷ್ಟು ಒಬ್ಬಳಾದೆ ಅನ್ನಿಸುತ್ತಿತ್ತು. ಬಂಡೆಯನ್ನು ರತ್ನಮ್ಮನ ಮಗ ಕೆಲವು ವರ್ಷಗಳ ನಂತರ ಮದ್ದಿಟ್ಟು ಒಡೆಸಿದ. ಈಗ ಆ ಜಾಗದಲ್ಲಿ ಅಪಾರ್ಟ್‌ಮೆಂಟಿದೆ, ಬಂಡೆಯಿದ್ದಲ್ಲಿ ನೆಲದಡಿಯ ಪಾರ್ಕಿಂಗು. ಏರ್‌ಪೋರ್ಟ್ ರಸ್ತೆಯಲ್ಲಿ ಹೋಗುವಾಗಲೂ ನಾನು ಆ ಕಡೆ ತಿರುಗುವುದಿಲ್ಲ.

ಶ್ರಾದ್ಧ ಮಾತ್ರ ಅಪ್ಪ ಇರುವವರೆಗೆ ಒಂದು ವರ್ಷವೂ ತಪ್ಪಲಿಲ್ಲ. ಮನೆಗಳು ಬದಲಾದವು, ಆಚಾರ್ಯರು ಬದಲಾದರು. ನನಗೆ ಮದುವೆಯಾಯಿತು, ಆದರೂ ಆ ದಿನಕ್ಕೆ ಎಲ್ಲಿದ್ದರೂ ಬರುತ್ತಿದ್ದೆ, ಬರಲೇಬೇಕಿತ್ತು. ಹೊಸ ಆಚಾರ್ಯರು ಯಾರಾದರೂ ಹೆಸರು ಕೇಳಿದರೆ ಅಪ್ಪ, “ಮಗಳು ಹೇಳ್ತಾಳ್ರಿ” ಅನ್ನುತ್ತಿದ್ದ. ಕಲ್ಪ, ಮನ್ವಂತರ, ಯುಗ, ಎಲ್ಲವನ್ನೂ ಅವನೇ ಹೇಳುತ್ತಿದ್ದ, ತಾನು ನಂಬದ ಒಂದೊಂದು ಕೋಟಿಯನ್ನೂ. ಅಲ್ಲಿಂದ ಮುಂದಿನದು ನನ್ನ ಪಾಲು. ಇನ್ನೊಬ್ಬರ ಬಾಯಲ್ಲಿ ಒಮ್ಮೆ ಕೇಳಬೇಕೆಂದು ನಾನು ಕಾದಿದ್ದ ಆ ಹೆಸರನ್ನು ನಮ್ಮ ಮನೆಯವರಲ್ಲಿ ಕೊನೆಯವರೆಗೂ ಹೇಳಿದವಳು ನಾನೊಬ್ಬಳೇ.